ನೀನು ವಿವರಿಸದೆ ಬಿಟ್ಟ ಸಿಸ್ಟಮ್ ಕಾಲ್

ಎಲೈ ಗವಿಸಿದ್ದೇಶನೇ, ಕೇಳುವಂಥವನಾಗು!

ಮಗ್ಗ ಓಡಿಸುವ ಎಲೆಕ್ಟ್ರಾನಿಕ್ ಬೋರ್ಡಿಗೆಂದು ನಾವಿಬ್ಬರೂ ಸೇರಿ ಕರ್ನಲ್ ಎಂಬ ತಳದ ಸಾಫ್ಟ್‌ವೇರ್ ಬರೆದೆವಲ್ಲ, ಮಗ್ಗದ ಪ್ರೋಗ್ರಾಮುಗಳು ಅದರಿಂದ ಕೆಲಸ ಮಾಡಿಸಿಕೊಳ್ಳುವ ಕರೆಗಳಲ್ಲಿ ಒಂದು ಸಿಸ್ಟಮ್ ಕಾಲ್ ಯಾತಕ್ಕೆಂದು ನೀನು ಎಲ್ಲಿಯೂ ವಿವರಿಸಿರಲಿಲ್ಲ. ಕೇಳಿದ್ದಕ್ಕೆ, "ಕೋಡ್ ತೆರದೇ ಐತಲ್ಲಲೇ, ಓದಾಕ ಬರ್ತಿದ್ರ ಓದು" ಎಂದಿದ್ದೆ. ಆಹಾ, ಎಂಥ ಔದಾರ್ಯ! ಕೋಡನ್ನು ಜಗತ್ತಿಗೆಲ್ಲ ಬಿಚ್ಚಿಟ್ಟೆ, ಬಾಯಿಯನ್ನು ನನ್ನೆದುರು ಮುಚ್ಚಿಕೊಂಡೆ. ಅಂದೇ ನಾನೂ ಮಾತು ಬಿಟ್ಟೆ.

ಕೊನೆಗೂ ಅದನ್ನು ಸಾಲುಸಾಲಾಗಿ ಓದಿ ತಿಳಿದುಕೊಂಡೆ. ಇವತ್ತು ಬೆಟಗೇರಿಯಲ್ಲಿ ನೇಕಾರರ ಶೈಲಾಳ ಮಗ್ಗದ ಪ್ರೋಗ್ರಾಮಿಗೆ ಆ ಕಾಲ್ ಸೇರಿಸಿ, ಮಗ್ಗ ಓಡುತ್ತಿರುವಾಗಲೇ ಕರೆಂಟ್ ತೆಗೆದೆ. ಲಾಳಿ ನಡುವೆ ಸಿಕ್ಕಿಕೊಳ್ಳಲಿಲ್ಲ, ಉಳಿದ ವೇಗದಲ್ಲೇ ಅಂಚಿಗೆ ಹೋಗಿ ನಿಂತಿತು. ಒಂದೆಳೆಯೂ ಹರಿಯಲಿಲ್ಲ!

"ಅಯ್ಯ ಶಿವನ! ಇದು ಮೊದಲಿಂದನೂ ಇತ್ತೇನ್ರಿ?" ಎಂದಳು ಶೈಲಾ. "ಮತ್ತ ಕರೆಂಟ್ ಹೋದಾಗೊಮ್ಮೆ ಹರದ ಎಳಿ ಗಂಟು ಹಾಕ್ಕೋತ ಕುಂತೀವಲ್ಲ, ಅದು ಯಾರ ಪುರುಷಾರ್ಥಕ್ರಿ?"

ನಿನ್ನನ್ನು ಬಾಯಿತುಂಬ ಬೈದೆ. ಮಗ್ಗದ ಮನೆ ನಡುಗುವಂತೆ ಬೈದೆ.

"ಬೈಯೋದು ಇರ್ಲಿರಿ. ಇನ್ನೂ ಏನೇನು ಬರದಿಟ್ಟಾರೋ, ಅವ್ರನ್ನ ಕೇಳಬಾರದೇನು? ಎಲ್ಲಿರ್ತಾರ?"

"ಊರು ಬಿಟ್ಟಾನವ್ವ. ಎಲ್ಲಿ ಅದಾನೋ ಗೊತ್ತಿಲ್ಲ" ಎಂದೆ.

ಗದಗಿಗೆ ಮರಳುವಾಗ ನಿಮ್ಮ ಓಣಿಯಿಂದಲೇ ಬಂದೆ. ನೀನು ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ತಲೆಯೆಲ್ಲ ನರೆತುಬಿಟ್ಟಿದೆ. ಬೈಕ್ ನಿಲ್ಲಿಸಲಿಲ್ಲ.