ಹಿರಿನೀರಿನ ಬೋರ್ಡು ಬರೆಯೋರಿಗೆ

ಆವಿಮಾಸ ಮೂವತ್ತೇಳು, ಇಸವಿ 2231

ಇಲ್ಲ, ನಾನು ನೀರು ಹಾಳು ಮಾಡಿಲ್ಲ. ಯಾರು ಏನಂದ್ರೂ ಮೊದಲು ಇದನ್ನ ಕೇಳಿಸ್ಕೊಳ್ಳಿ. ಬಾಯ್ಲರಿನ ಅಡಿಯಿಂದ ಎರಡು ಬಿಂದಿಗೆ ಕೊಳೆನೀರು ಬಿಟ್ಟೆ, ಅಷ್ಟೇ. ಅದಕ್ಕೆ ಕೊಲೆ ಮಾಡ್ದೋನ ಥರ ನೋಡ್ತಿದ್ದಾರೆ.

ನಾನು ನಾರೆಪ್ಪ. ನೀವು ಶಿಡ್ಲಘಟ್ಟ ಅಂತಿದ್ದ ಊರಲ್ಲಿ ರೇಷ್ಮೆ ನೂಲಿನ ಮನೆಯ ಬಾಯ್ಲರ್ ಕಾಯೋನು. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟೆ. ನನ್ನ ಮಾತು ವಿಚಿತ್ರ ಅನ್ಸಿದ್ರೆ ಕ್ಷಮಿಸಿ, ಇನ್ನೂರು ವರ್ಷದಲ್ಲಿ ಮಾತೂ ಸವೆಯುತ್ತೆ. ನಮ್ಮಲ್ಲಿ ಹಿರಿಯರಿಗೆ ಹೇಳೋದನ್ನ ಆವಿ ಹಿಡಿದ ಗಾಜಿನ ಮೇಲೆ ಬೆರಳಲ್ಲಿ ಬರೀತೀವಿ. ಅಕ್ಷರ ಆರಿಹೋದ್ರೆ ತಲುಪ್ತು ಅಂತ ಲೆಕ್ಕ.

ನೀವು ರೇಷ್ಮೆಗೂಡು ಬೇಯಿಸಿ ಬಂದ ಬಿಸಿನೀರನ್ನ ಹಾಗೇ ಚರಂಡಿಗೆ ಬಿಡ್ತಿದ್ರಂತೆ. ನಾವು ಬಿಡಲ್ಲ. ಆವಿ ಗೂಡು ಬೇಯೋ ಬಾಣಲೆಗಳ ಕೆಳಗೆ ಕೊಳವೆಯೊಳಗೇ ಓಡಿ ನೀರಾಗುತ್ತೆ, ಬಿಸಿ ಆರೋ ಮುಂಚೆ ತೊಟ್ಟಿಗೆ ವಾಪಸ್ ಬರುತ್ತೆ, ಮತ್ತೆ ಬಾಯ್ಲರಿಗೆ. ಅದಕ್ಕೇ ಹಿರಿನೀರು ಅಂತೀವಿ. ಮುತ್ತಜ್ಜಿ ಕಾಲದಲ್ಲಿ ಕುದ್ದ ನೀರೇ ಇವತ್ತೂ ಕುದೀತಿದೆ. ಹೊಗೆ ಕೂಡ ತೊಟ್ಟಿ ಸುತ್ತು ಹಾಕಿ ತನ್ನ ಶಾಖ ಕೊಟ್ಟೇ ಹೋಗ್ಬೇಕು; ನಮ್ಮ ಚಿಮಣಿ ಮೇಲೆ ಗುಬ್ಬಿಗಳು ಕೂತ್ಕೊಳ್ತವೆ. ಹಿಪ್ಪುನೇರಳೆ ಕಡ್ಡಿ ಒಂದು ಹೊರೆಯಿದ್ರೆ ಸಾಯಂಕಾಲದವರೆಗೆ ಉರೀತಿತ್ತು. ಮದುವೆಯಾದ ಹುಡುಗಿ ಹಳೇ ಸೀರೆಯಲ್ಲಿ ಒಂದು ಕೌದಿ ಹೊಲಿದು ಕೊಳವೆಗೆ ಹೊದಿಸ್ಬೇಕು, ಶಾಖ ಆಚೆ ಹೋಗದ ಹಾಗೆ. ನೂಲು ತೆಗೆಯೋ ಅಮ್ಮಂದಿರು ಕೂಸುಗಳನ್ನ ಅದರ ಪಕ್ಕ ಮಲಗಿಸ್ತಾರೆ. ಒಳಗೆ ನೀರು ಹೋಗೋ ಸದ್ದು, ಯಾರೋ ಮುದುಕಿ ಜೋಗುಳದ ಪದ ಮರೆತು ಬರೀ ರಾಗ ಹಿಡಿದ ಹಾಗೆ. ನಾನೂ ನನ್ನ ತಂಗಿ ಸುಗುಣಾನೂ ಅದನ್ನ ಕೇಳ್ಕೊಂಡೇ ಬೆಳೆದ್ವಿ.

ಆದ್ರೆ ಆವಿ ಮೇಲಕ್ಕೆ ಹೋಗುವಾಗ ಉಪ್ಪನ್ನ ಕೆಳಗೇ ಬಿಟ್ಟು ಹೋಗುತ್ತೆ. ಕಮ್ಮಿ ಬಿದ್ದದ್ದಕ್ಕೆ ಸುರಿಯೋ ಬೋರ್ ನೀರಿನ ಉಪ್ಪೂ ಅಲ್ಲೇ ಸೇರುತ್ತೆ. ಆವಾಗಾವಾಗ ಅಡಿಯ ವಾಲ್ವು ತೆಗೆದು ಒಂದಿಷ್ಟು ಬಿಡ್ಲೇಬೇಕು. ನಮ್ಮೋರು ಆ ವಾಲ್ವಿಗೆ ಅರಿಶಿನದ ದಾರ ಕಟ್ಟಿ, ಕುಂಕುಮ ಇಟ್ಟು, ಈ ಬಾಯ್ಲರು ಕೂರಿಸಿದಾಗಿಂದ ತೆಗೆದೇ ಇಲ್ಲ. ಹಿಂದಿನ ಬಾಯ್ಲರು ಒಡೆದಾಗ ಹಿರಿಯರು ಮುನಿಸ್ಕೊಂಡ್ರು ಅಂದ್ರಂತೆ. ನಾನು ದಾರ ಕಿತ್ತು ತೆಗೆದಾಗ ಬಂದಿದ್ದು ಮಜ್ಜಿಗೆ ಥರ ಬೆಳ್ಳಗಿತ್ತು. ಬಾಯ್ಲರಿನೊಳಗಿನ ಕೊಳವೆಗಳಿಗೆ ಸುಣ್ಣ ಕಚ್ಚಿದೆ, ಶಾಖ ನೀರಿಗೆ ಹತ್ತಲ್ಲ, ಕಡ್ಡಿ ಎರಡರಷ್ಟು ಉರಿಸ್ತಿದ್ದೀವಿ. ಒಂದು ಕೊಳವೆ ಊದ್ಕೊಂಡಿದೆ, ಒಲೆ ಬಾಯಲ್ಲಿ ಬಗ್ಗಿದ್ರೆ ಕಾಣುತ್ತೆ. ಅದು ಒಡೆದ್ರೆ, ಗೋಡೆ ಆಚೆ ಕೂತಿರೋಳು ಸುಗುಣ.

ಇಲ್ಲಿ ಯಜಮಾನಿ ನಮ್ಮ ದೊಡ್ಡಮ್ಮ, ಗಂಗರತ್ನಮ್ಮ. "ಮುತ್ತಜ್ಜಿ ನೀರನ್ನ ಚರಂಡಿ ಪಾಲು ಮಾಡಿದ್ಯಲ್ಲೋ, ನಿನ್ನ ಕೈ ಸೇದೋಗ" ಅಂದ್ಲು.

"ಮುತ್ತಜ್ಜಿಗೂ ಹೊಟ್ಟೆ ಕೆಟ್ಟಿರುತ್ತೆ ದೊಡ್ಡಮ್ಮ" ಅಂದೆ.

ಸುಗುಣ ಕಿಸಕ್ಕಂದ್ಲು. ದೊಡ್ಡಮ್ಮ ನಗ್ಲಿಲ್ಲ. ಬಾಗಿಲ ಮೇಲಿನ ಬೋರ್ಡು ತೋರ್ಸಿ, "ಓದೋ, ಅಷ್ಟಾದ್ರೂ ಬರುತ್ತಲ್ಲ" ಅಂದ್ಲು. 'ಒಂದು ಹನಿಯೂ ಹೊರಗೆ ಹೋಗಕೂಡದು.'

ಅದು ನಿಮ್ಮ ಬೋರ್ಡು. ನಿಮ್ಮ ಕಾಲದಲ್ಲಿ ನೀವಿನ್ನೂ ಬರೆದಿಲ್ಲ, ಮುಂದೆ ಬರೀತೀರ. ಒಳ್ಳೇದಕ್ಕೇ ಬರೀತೀರ, ಗೊತ್ತು. ಆದ್ರೆ ಅರ್ಧ ಬರೆದು ಬ್ರಷ್ ತೊಳೆದಿಟ್ಟುಬಿಡ್ತೀರ. ಇನ್ನೊಂದು ಸಾಲು ಸೇರಿಸಿ: 'ಅಡಿಯ ಕೊಳೆನೀರನ್ನು ದಿನಾ ಬಿಡಬೇಕು. ಅದರ ಶಾಖ ಇಟ್ಟುಕೊಂಡು, ಕೊಳೆ ಕಳಿಸಿ.' ದೊಡ್ಡಮ್ಮ ನನ್ನ ಮಾತು ಕೇಳಲ್ಲ, ನಿಮ್ಮದನ್ನ ಕೇಳ್ತಾಳೆ.

ವಾಲ್ವಿಗೆ ಹೊಸ ದಾರ ಕಟ್ಟಾಯ್ತು. ನನ್ನ ಹತ್ರ ಇದ್ದ ಬಾಯ್ಲರ್ ಮನೆ ಬೀಗದ ಕೈ ಕಿತ್ಕೊಂಡ್ರು. ಆಚೆ ಬಾರೇ ಅಂದ್ರೆ ಸುಗುಣ ಬರಲ್ಲ, ಬಾಣಲೆಯಲ್ಲಿ ಇನ್ನೂ ಗೂಡಿದೆ ಅಂತಾಳೆ. ಗಾಜಿನ ಮೇಲೆ ಮೊದಲ ಸಾಲು ಆಗಲೇ ಆರ್ತಿದೆ.

ನಾನು ಹೊರಟೆ. ಇದು ಕಬ್ಬಿಣದ ಬಾಗಿಲು. ಬೋರ್ಡು ಅಲ್ಲಾಡೋ ಹಾಗೆ ಎಳೆದು ಬಡೀತೀನಿ. ಕೇಳಿಸಿದ ತಕ್ಷಣ ಬ್ರಷ್ ತಗೊಳ್ಳಿ.