ಬೋಳು ಮೂಲೆಗೆ ನೀರು

ಜನವರಿ ೧೫, ೧೯೬೫. ಬೆಳಿಗ್ಗೆ

ನಳ ಬಂದದ್ದು ತಡ, ಹೋದದ್ದು ಬೇಗ. ಅಡಿಗೆಗೆ ಎರಡು ಕೊಡ, ಹಿತ್ತಲಿಗೆ ಒಂದು ಬಕೆಟ್. ದಾಳಿಂಬೆಗೆ ಮೊದಲು. ಆಮೇಲೆ ತುಳಸಿ, ಬದನೆ ಸಾಲು. ನಿನ್ನೆ ಸಂಕ್ರಾಂತಿ — ಇಡೀ ಬರೋಡಾ ಮಾಳಿಗೆ ಹತ್ತಿ ಪತಂಗ ಹಾರಿಸಿತು. ದಾಳಿಂಬೆಯ ತುಂಬ ಮಾಂಜಾ ದಾರ. ಬಿಡಿಸುವಷ್ಟರಲ್ಲಿ ಬೆರಳು ಕೊಯ್ದಿತು. ಎಲೆಯೊಂದೂ ಹರಿಯಲಿಲ್ಲ, ಅಷ್ಟು ಸಾಕು.

ಇವರು ಸಂಧ್ಯಾವಂದನೆ ಮುಗಿಸಿ ಎಂದಿನಂತೆ ತಂಬಿಗೆಯ ನೀರನ್ನು ಗೋಡೆಯ ಮೂಲೆಗೆ ಸುರಿದರು. ಗರಿಕೆ ಬಿಟ್ಟರೆ ಅಲ್ಲಿ ಏನೂ ಇಲ್ಲ.

“ರೀ, ನೀರಿಗೆ ಇಷ್ಟು ತ್ರಾಸು ಇದ್ದಾಗ ಬೋಳು ನೆಲಕ್ಕ ಯಾಕ ಸುರೀತೀರಿ? ಗಿಡಕ್ಕ ಹಾಕ್ರಿ.”

“ಹೂಂ. ನಾಳೆ ಹಾಕ್ತೀನಿ.”

ನಾಳೆ ಮತ್ತೆ ಮೂಲೆಗೇ. ಗೊತ್ತಿದ್ದದ್ದೇ. ಹೆಸರು ನೋಡಿದರೆ ಭೀಮಸೇನ, ಜಗಳಕ್ಕೆ ಸಿಗುವ ಗಂಡಸಲ್ಲ. ರೇಲ್ವೆ ಗೂಡ್ಸ್ ಆಫೀಸಿನಲ್ಲೂ ಹೀಗೇ ಇರಬೇಕು — ಹೂಂ, ನಾಳೆ.

ಮಾರ್ಚ್ ೨

ಇವತ್ತಿಗೆ ಕೂಸು ಹೋಗಿ ವರ್ಷವಾಯಿತು. ಗಂಟಲುಮಾರಿ. ನೋಡನೋಡುತ್ತ ಹೋಗಿಬಿಟ್ಟಳು. ನಡೆಯಲು ಕಲಿತಿದ್ದಳಷ್ಟೆ. ವಿಶ್ವಾಮಿತ್ರಿ ಹೊಳೆಯ ದಂಡೆಯಲ್ಲಿ ಇಟ್ಟು ಬಂದರು. ಎಲ್ಲಿ ಅಂತ ನನಗೆ ತೋರಿಸಿಲ್ಲ. ಹೆಂಗಸರು ಹೋಗುವ ಹಾಗಿಲ್ಲವಂತೆ. ಹೊಳೆ ತುಂಬಿ ಬಂದ ಮೇಲೆ ಅಲ್ಲಿ ಏನು ಉಳಿದಿರುತ್ತದೆ...

ನನಗೆ ಉಳಿದದ್ದು ಹಿತ್ತಲು. ಇದೇ ಕ್ವಾರ್ಟರ್ಸಿನಲ್ಲಿ ಹುಟ್ಟಿದವಳು. ಬಾಣಂತನಕ್ಕೆ ಧಾರವಾಡದಿಂದ ಬಂದಿದ್ದ ಅವ್ವ ಹೇಳಿದ್ದಳು — ಹೆರಿಗೆಯ ಮಾಸನ್ನು ಹಿತ್ತಲಲ್ಲೇ ಹೂಳಿದ್ದೇವೆ, ಕೂಸಿನದು ಕೂಸಿನ ಮನೆಯ ಮಣ್ಣಿಗೇ ಸೇರಬೇಕು ಎಂದು. ಬಾಣಂತಿ ಕೋಣೆಯಿಂದ ಹೊರಗೆ ಬಂದಾಗ ಹಿತ್ತಲಲ್ಲಿ ಹೊಸದಾಗಿ ಹಚ್ಚಿದ ದಾಳಿಂಬೆ ಇತ್ತು. ಅವಳ ಮೈಯ ಒಂದು ಚೂರು ಅದರ ಬೇರಿನಲ್ಲಿದೆ. ಬುಡದಲ್ಲಿ ಕೂತು ಮಾತಾಡುತ್ತೇನೆ. ಹುಚ್ಚಿ ಅನ್ನುವವರು ಅನ್ನಲಿ.

ಇವರು ಅದರ ಹತ್ತಿರ ಸುಳಿಯುವುದೂ ಇಲ್ಲ. ಅವಳ ಹೆಸರನ್ನೂ ಎತ್ತಿಲ್ಲ. ಮರೆತೇಬಿಟ್ಟರೇನೋ. ನಾನೂ ಹೆಸರನ್ನು ಈ ದಿನಚರಿಯಲ್ಲಿ ಬರೆದಿಲ್ಲ. ಕೈ ಬರುವುದಿಲ್ಲ.

ಮೇ ೧೯. ಮಧ್ಯಾಹ್ನ

ಲೂ ಬೀಸುತ್ತಿದೆ. ಬಾಗಿಲು ತೆಗೆದರೆ ಒಲೆಯ ಮುಂದೆ ನಿಂತಂತೆ. ಗೋಣಿತಟ್ಟು ತೋಯಿಸಿ ದಾಳಿಂಬೆಗೆ ಹೊದಿಸಿದೆ. ಬಿಟ್ಟ ಹೂವೆಲ್ಲ ಉದುರುತ್ತಿವೆ. ಬದನೆ ಸತ್ತಿತು. ಮೂಲೆಯ ಗರಿಕೆ ಮಾತ್ರ ಹಸಿರು. ಪಕ್ಕದ ಮನೆಯ ವಿಮಲಾ ಬೆನ್ ಬಟ್ಟೆ ಒಣಹಾಕುತ್ತ ನಕ್ಕಳು — ನಿನ್ನ ಗಂಡ ಹುಲ್ಲಿನ ಬೇಸಾಯ ಮಾಡುತ್ತಿದ್ದಾರೆ ಎಂದು. ನಾನೂ ನಕ್ಕೆ. ಬಹಳ ದಿನಕ್ಕೆ.

ಜುಲೈ ೧೧

ರಾತ್ರಿಯಿಂದ ಮಳೆ. ಒಂದು ಹೂ ಉದುರದೆ ನಿಂತಿದೆ! ಕಾಯಿ ಕಟ್ಟಿದೆ, ಗೋಲಿಯಷ್ಟು. ಮೊದಲನೆಯದು. ಇವರನ್ನು ಕರೆದು ತೋರಿಸಿದೆ. ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. “ಛಲೋ ಆತು” ಎಂದು ಒಳಗೆ ಹೋದರು.

ಅಷ್ಟೇನಾ? ಮೈ ಉರಿಯಿತು. ಚಹಾಕ್ಕೆ ಸಕ್ಕರೆ ಹಾಕದೆ ಕೊಟ್ಟೆ. ಕುಡಿದರು, ಕಪ್ಪು ತೊಳೆದಿಟ್ಟರು.

ಸೆಪ್ಟೆಂಬರ್ ೮

ಯುದ್ಧ. ಜಾಮನಗರದ ಮೇಲೆ ಬಾಂಬು ಹಾಕಿದರಂತೆ. ಕಿಟಕಿಗಳಿಗೆ ಕರಿ ಕಾಗದ ಅಂಟಿಸಿದ್ದೇವೆ. ಕಾಲೋನಿಯ ಎಲ್ಲ ಹಿತ್ತಲಲ್ಲೂ ಬಾಂಬಿನಿಂದ ಅಡಗಲು ಟ್ರೆಂಚ್ ತೋಡಬೇಕು ಎಂದು ಹುಕುಂ. ನಮಗೂ ವಿಮಲಾ ಬೆನ್‌ಗೂ ಸೇರಿ ಒಂದೇ ಹಿತ್ತಲು, ಒಂದೇ ಟ್ರೆಂಚ್. ಅವಳ ಮಕ್ಕಳೂ ಅದರಲ್ಲೇ ಇಳಿಯಬೇಕು. ಅವಳ ಗಂಡ ಹರಿಪ್ರಸಾದ ಭಾಯಿ ನಮ್ಮ ಸಾಲಿನ ವಾರ್ಡನ್. ಟೇಪು ಹಿಡಿದು ಅಳೆದರು. ತೋಡಲು ಜಾಗ ಎರಡೇ — ದಾಳಿಂಬೆ ಇರುವಲ್ಲಿ, ಇಲ್ಲವೆ ಬೋಳು ಮೂಲೆಯಲ್ಲಿ.

“ಕೋನೇ ಮೇ ಖೋದ್ ದೋ. ಬೆನ್ ಕಾ ಝಾಡ್ ಬಚ್ ಜಾಯೇಗಾ” ಎಂದರು ಹರಿಪ್ರಸಾದ ಭಾಯಿ. ಮೂಲೆಯಲ್ಲೇ ತೋಡಿ, ಗಿಡ ಉಳಿಯುತ್ತದೆ ಅಂತ. ಪುಣ್ಯಾತ್ಮ.

ಇವರು ಬಾಯಿ ಬಿಟ್ಟರು. “ನಹೀ. ಕೋನೇ ಮೇ ನಹೀ.” ಗೋಡೆ ಕುಸಿಯಬಹುದಂತೆ. ಸೊಂಟದೆತ್ತರದ ಗೋಡೆ! ಹರಿಪ್ರಸಾದ ಭಾಯಿ ಕಾಲಿನಿಂದ ಒದ್ದು ನೋಡಿದರು, ಅಲುಗಲಿಲ್ಲ. ಇವರೂ ಅಲುಗಲಿಲ್ಲ. ಮೂಲೆಗೆ ಅಡ್ಡ ನಿಂತು ದನಿ ಎತ್ತಿದರು. ಮದುವೆಯಾದಾಗಿನಿಂದ ಆ ದನಿ ಕೇಳಿರಲಿಲ್ಲ. ಕೇಳಿದ್ದು ಇದಕ್ಕೆ.

“ದಾಳಿಂಬರಿ ಬುಡಕ್ಕ ಏನದ ಅಂತ ನಿಮಗ ಗೊತ್ತಿಲ್ಲೇನು?” ಎಂದೆ, ಎಲ್ಲರೆದುರಿಗೇ.

ತಲೆ ತಗ್ಗಿಸಿದರು. “ಗೊತ್ತದ, ಇಂದೂ. ಆದರ ಮೂಲ್ಯಾಗ ಬ್ಯಾಡ.”

ಸೆಪ್ಟೆಂಬರ್ ೯

ಟ್ರೆಂಚ್ ತೋಡಲು ರೇಲ್ವೆ ಗ್ಯಾಂಗಿನವರು ಬಂದರು. ಬೇರು ಸಮೇತ ತೆಗೆಯಿರಿ ಎಂದು ಬೇಡಿಕೊಂಡೆ. ಪಾಪ, ಹುಷಾರಾಗಿಯೇ ತೆಗೆದರು. ತಾಯಿಬೇರು ಕಡಿಯಿತು. ತಗಡಿನ ಡಬ್ಬಿಯಲ್ಲಿ ಊರಿದ್ದೇನೆ, ಕಾಯಿ ಇನ್ನೂ ಇದೆ. ಅಗೆದ ಮಣ್ಣನ್ನು ಸೆರಗಿಗೆ ತುಂಬಿಕೊಳ್ಳತೊಡಗಿದೆ. ಎಷ್ಟು ಅಂತ ತುಂಬಲಿ... ಅವಳದು ಯಾವ ಮಣ್ಣು ಅಂತ ಗುರುತಿಸಲಿ... ವಿಮಲಾ ಬೆನ್ ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು.

ಇವರ ಜತೆ ಮಾತು ಬಿಟ್ಟಿದ್ದೇನೆ.

ಸೆಪ್ಟೆಂಬರ್ ೧೬

ಸೈರನ್. ಟ್ರೆಂಚಿನಲ್ಲಿ ಮೊಣಕಾಲುದ್ದ ಮಳೆನೀರು. ವಿಮಲಾ ಬೆನ್‌ನ ಸಣ್ಣ ಮಗಳು ನನ್ನ ಕೊರಳು ಬಿಗಿದುಕೊಂಡಿದ್ದಳು. ಪಕ್ಕದ ಮಣ್ಣಿನಲ್ಲಿ ಕಡಿದ ಬೇರಿನ ತುದಿ ಕೈಗೆ ಸಿಕ್ಕಿತು. ಆಲ್ ಕ್ಲಿಯರ್ ಆಗುವವರೆಗೂ ಅದನ್ನು ಹಿಡಿದುಕೊಂಡೇ ಇದ್ದೆ.

ಸೆಪ್ಟೆಂಬರ್ ೨೩

ಯುದ್ಧ ನಿಂತಿತು, ರೇಡಿಯೋ ಹೇಳಿತು. ಕಾಲೋನಿಯಲ್ಲಿ ಪೇಡಾ ಹಂಚಿದರು. ಡಬ್ಬಿಯ ಗಿಡ ಒಣಗಿದೆ. ಕಾಯಿ ಕೆಳಗೆ ಬಿದ್ದಿತ್ತು. ಒಡೆದು ನೋಡಿದೆ. ಬೀಜ ಇನ್ನೂ ಬೆಳ್ಳಗಿತ್ತು.

ನವೆಂಬರ್ ೩

ಹೇಗೆ ಬರೆಯಲಿ.

ಟ್ರೆಂಚ್ ಮುಚ್ಚಿ ಆಗಿದೆ. ಮೆಂತ್ಯ ಬಿತ್ತುವ ಹೊತ್ತು. ಇವರು ಒಳಗೆ ಸಂಧ್ಯಾವಂದನೆಗೆ ಕೂತಿದ್ದರು. ಕುರ್ಪಿ ತೆಗೆದುಕೊಂಡು ನೆಟ್ಟಗೆ ಆ ಮೂಲೆಗೇ ಹೋದೆ. ಬೇಕಂತಲೇ. ನನ್ನ ಗಿಡ ಕೀಳಿಸಿದವರ ಗರಿಕೆ ಮಾತ್ರ ಯಾಕೆ ಇರಬೇಕು? ಎರಡು ಹಿಡಿ ಕಿತ್ತಿರಬಹುದು. ಓಡಿ ಬಂದರು. ತಂಬಿಗೆ ಕೈಯಿಂದ ಜಾರಿ ಬಿತ್ತು. ನನ್ನ ಮುಂಗೈ ಹಿಡಿದರು.

“ಅಲ್ಲಿ ಬ್ಯಾಡ, ಇಂದೂ. ಅಲ್ಲಿ ಕೂಸಿನ ಮಾಸು ಅದ.”

ತಿಂಗಳುಗಟ್ಟಲೆ ಬಿಟ್ಟಿದ್ದ ಮಾತು ತಾನಾಗಿ ಬಂತು. “ದಾಳಿಂಬರಿ ಬುಡದಾಗ ಅಲ್ಲೇನು?”

“ಅಲ್ಲ. ನಾನೇ ಕೈಯಾರೆ ಇಲ್ಲೆ ಹೂಳೀನಿ. ನಿಮ್ಮವ್ವ ಕಂದೀಲ ಹಿಡದಿದ್ರು. ದಾಳಿಂಬರಿ ಅವರು ಆಮ್ಯಾಲೆ ಹಚ್ಚಿದ್ದು, ಸುಮ್ಮನ, ಹಿತ್ತಲಾ ಖಾಲಿ ಕಾಣ್ತದ ಅಂತ.”

“ಮತ್ತ ನನಗ್ಯಾಕ ಹೇಳಲಿಲ್ಲ?”

ಬಿದ್ದ ತಂಬಿಗೆಯನ್ನು ಎತ್ತಿ ನೆಟ್ಟಗೆ ಇಟ್ಟರು. “ಕೂಸು ಹೋದಮ್ಯಾಲೆ ನೀ ಆ ಗಿಡದ ಜೋಡಿ ಅಷ್ಟ ಮಾತಾಡ್ತಿದ್ದಿ. ಅದನ್ನೂ ಹ್ಯಾಂಗ ಕಸಗೊಳ್ಳಲಿ? ಟ್ರೆಂಚಿನ ದಿನಾ ಹೇಳಬೇಕಿತ್ತು. ಅಷ್ಟು ಮಂದ್ಯಾಗ ಬಾಯಿ ಬರಲಿಲ್ಲ. ಆಮ್ಯಾಲೆ ನೀ ಮಾತು ಬಿಟ್ಟಿ.”

ದಿನಾ ಬೆಳಿಗ್ಗೆ ಆ ಬೋಳು ಮೂಲೆಗೆ ನೀರು. ನಾನು ಬೈಯುವುದು. ಹೂಂ, ನಾಳೆ ಅನ್ನುವುದು. ದೇವರೇ, ಈ ಮನುಷ್ಯ ಇಷ್ಟು ದಿನ ಒಬ್ಬರೇ ಹೇಗೆ ತಡೆದುಕೊಂಡರು. ನಾನು ಮರೆತರು ಅಂದುಕೊಂಡಿದ್ದೆ.

ಕಿತ್ತ ಗರಿಕೆಯನ್ನು ಇಬ್ಬರೂ ಕೂತು ಮತ್ತೆ ಊರಿದೆವು. ಇವರು ಅತ್ತರು. ಅವಳು ಹೋದ ದಿನವೂ ಅತ್ತದ್ದು ನಾನು ನೋಡಿರಲಿಲ್ಲ.

ನವೆಂಬರ್ ೪. ಬೆಳಿಗ್ಗೆ

ನಳ ಬಂದ ಕೂಡಲೇ ಮೊದಲ ಕೊಡ ಮೂಲೆಗೆ ಒಯ್ದೆ. ಇವರು ಆಗಲೇ ತಂಬಿಗೆ ಹಿಡಿದು ನಿಂತಿದ್ದರು. “ಇವತ್ತು ನೀ ಹಾಕು” ಎಂದರು. ಹಾಕುವಾಗ ಪಕ್ಕದಲ್ಲಿ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆದರು. ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ದಿನವಾಗಿತ್ತು.

ನಾನೂ ಬರೆಯಬೇಕು ಅಂತ ಕೂತಿದ್ದೇನೆ. ಅಡಿಗೆ ಆಗಿಲ್ಲ. ಆಫೀಸಿಗೆ ಹೊತ್ತಾಗಿದೆ. ಇವರು ಅವಸರ ಮಾಡುತ್ತಿಲ್ಲ, ಬಾಗಿಲಲ್ಲಿ ನಿಂತಿದ್ದಾರೆ.

ವೈದೇಹಿ. ನಮ್ಮ ವೈದೇಹಿ ಹುಟ್ಟಿದ್ದು ಈ ಮನೆಯಲ್ಲಿ, ಬೆಳಗಿನ ಹೊತ್ತು, ನಳ ಬರುವ ವೇಳೆಗೆ.