ಹಿಂದಕ್ಕೆ ಓಡಿದ ಡಿಎನ್‌ಎ

ತಂಗಿ,

ವಿಶ್ವವಿದ್ಯಾಲಯದ ಈ ಲ್ಯಾಬಿನಲ್ಲಿ ಹಿರಿತನ ಸೇರಿದ ದಿನದ ಲೆಕ್ಕ. ಇಪ್ಪತ್ತೊಂದರ ಹುಡುಗಿ ಸೀನಿಯರ್, ಇಪ್ಪತ್ತೆರಡು ವರ್ಷ ನಮ್ಮ ಶಾಲೆಯಲ್ಲಿ ಪಾಠ ಮಾಡಿದ ನಾನು ಜೂನಿಯರ್. ತಿಂಗಳೊಳಗೆ ಒಂದು ಪ್ರಯೋಗ ಸರಿಬಾರದಿದ್ದರೆ ವಾಪಸು ಶಾಲೆಗೇ ಎಂಬ ಷರತ್ತು ಬೇರೆ.

ಡಿಎನ್‌ಎಯನ್ನು ಕರೆಂಟು ಕೊಟ್ಟು ಜೆಲ್ಲಿಯೊಳಗೆ ಓಡಿಸಬೇಕು. ಮೊನ್ನೆ ತಂತಿಗಳನ್ನು ಅದಲುಬದಲಾಗಿ ಸಿಕ್ಕಿಸಿದೆ; ಅದು ಹಿಂದಕ್ಕೆ ಓಡಿ ನೀರುಪಾಲಾಯಿತು.

“ಟೀಚರ್ ಬಂದ್ರು ಅಂತ ಹೆದರಿ ಓಡಿರ್ಬೇಕು,” ಅಂದಳು ಹುಡುಗಿ.

ಇವತ್ತೇ ಕಡೆಯ ದಿನ. ಈ ಸಲ ಡಿಎನ್‌ಎ ಮುಂದಕ್ಕೇ ಓಡಿತು: ನೇರಳೆ ಬೆಳಕಿನಲ್ಲಿ ಅದರ ಮೂರು ಗೆರೆ ಹೊಳೆದವು, ಸ್ಕೇಲು ಇಟ್ಟು ಎಳೆದ ಹಾಗೆ.

“ಇನ್ಮೇಲೆ ಇದು ನಿಮ್ಮ ಬೆಂಚು, ಟೀಚರ್,” ಅಂದಳು ಅವಳೇ.

ನಿಂತು ನಿಂತು ಕಾಲು ಬಾತಿವೆ, ಆದರೂ ನೆಲದ ಮೇಲೆ ನಿಲ್ಲುತ್ತಿಲ್ಲ. ನಾನು ವಾಪಸು ಬರುವುದಿಲ್ಲ ಅಂತ ಹೆಡ್‌ಮೇಡಂಗೆ ಹೇಳು; ಈ ತಿಂಗಳು ನೀನು ನೋಡಿಕೊಂಡ ನನ್ನ ಒಂಬತ್ತನೇ ಕ್ಲಾಸಿನ ತುಂಟರೆಲ್ಲ ಇನ್ನು ಪೂರ್ತಿ ನಿನ್ನ ಪಾಲು.

ಅಕ್ಕ